ಒಂದು ಕಣ್ಣು, ಓರೆ ಕುತ್ತಿಗೆ

ಕುತ್ತಿಗೆಗೆ ಕಾಲರ್ ಹಾಕಿದ ನಾಲ್ಕನೇ ದಿನ ಸೂಜಿಯ ಕಣ್ಣು ಕಾಣಿಸಲಿಲ್ಲ.

ವೇಣೂರಿನಲ್ಲಿ ನನ್ನದೊಂದು ಟೈಲರ್ ಅಂಗಡಿ. ಎಡಗಣ್ಣಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಬಲಗಣ್ಣು ತನ್ನಷ್ಟಕ್ಕೆ ಸಣ್ಣಗೆ ಅಲ್ಲಾಡುತ್ತಿರುತ್ತದೆ. ಅದು ಹೊಸತಲ್ಲ. ಮುಖ ಬಲಕ್ಕೆ ತಿರುಗಿಸಿ ನೋಡುವುದು ಚಿಕ್ಕಂದಿನ ಅಭ್ಯಾಸ. ತಲೆ ಓರೆಯಾದರೂ ಹೊಲಿಗೆ ನೇರ ಎಂದು ಗಿರಾಕಿಗಳು ತಮಾಷೆ ಮಾಡುತ್ತಾರೆ. ಅಮ್ಮನಿಗೆ ಅದು ತಮಾಷೆಯಲ್ಲ. ಗಲ್ಲ ಹಿಡಿದು ತಿರುಗಿಸಿ "ಸರ್ತ ತೂಲ" ಅನ್ನುತ್ತಾಳೆ, ನೇರ ನೋಡು ಅಂತ. ನನಗೀಗ ನಲವತ್ತೊಂದು. ಇನ್ನೂ ಅನ್ನುತ್ತಾಳೆ.

ಆ ಕುತ್ತಿಗೆ ನೋಯತೊಡಗಿ, ಅದನ್ನು ಅಲುಗದಂತೆ ಹಿಡಿಯುವ ಕಾಲರ್ ಬಂತು. ತಲೆ ನೇರವಾಯಿತು. ಅಮ್ಮನಿಗೆ ಒಳಗೊಳಗೇ ಖುಷಿ. ನನಗೆ ಬ್ಲೌಸಿನ ಹುಕ್ ಹೊಲಿಯಲಿಕ್ಕಾಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ನಾನು ಮೂರು ಸಲ ಸೂಜಿ ಬದಲಿಸಿದೆ. ಆಮೇಲೆ ಬಸ್ಸಿನ ಬೋರ್ಡೂ ಮಬ್ಬಾಯಿತು.

ಇರುವ ಒಂದೂ ಹೋಗುತ್ತಿದೆ.

ಹದಿನೈದು ದಿನ ಯಾರಿಗೂ ಹೇಳಲಿಲ್ಲ. ಬ್ಲೌಸುಗಳು ರಾಶಿ ಬಿದ್ದವು. ಕಣ್ಣು ಹೋದರೆ ಮುಂದೇನು ಎಂದು ಯೋಚಿಸಿ ಯೋಚಿಸಿ, ಕೊನೆಗೆ ಹೆದರುವುದಕ್ಕೂ ಸುಸ್ತಾಯಿತು. ಆಗ ಅಮ್ಮನಿಗೆ ಹೇಳಿದೆ.

ಮೂಡುಬಿದಿರೆಯ ಕಣ್ಣಿನ ಡಾಕ್ಟರಲ್ಲಿಗೆ ಅಮ್ಮನೂ ಬಂದಳು. ಚಾರ್ಟಿನ ಎರಡನೇ ಸಾಲಿಗೇ ನಿಂತೆ. ಡಾಕ್ಟರು ಬಹಳ ಹೊತ್ತು ನನ್ನನ್ನೇ ನೋಡಿದರು.

"ಕಾಲರ್ ತೆಗೀರಿ. ನಿಮಗೆ ಅಭ್ಯಾಸ ಇದ್ದ ಹಾಗೆ ನೋಡಿ."

ಮುಖ ತಾನಾಗಿ ಬಲಕ್ಕೆ ತಿರುಗಿತು. ಇನ್ನೂ ಮೂರು ಸಾಲು ಓದಿದೆ.

ಈ ಅಲ್ಲಾಟಕ್ಕೆ ನಿಸ್ಟಾಗ್ಮಸ್ ಎಂದು ಹೆಸರಂತೆ. ನನ್ನ ಕಣ್ಣು ಎಡಕ್ಕೆ, ಮೂಗಿನ ಕಡೆಗೆ ಹೊರಳಿದಾಗ ಮಾತ್ರ ಸ್ವಲ್ಪ ಸುಮ್ಮನಿರುತ್ತದೆ. ಅದಕ್ಕೇ ನಾನು ಮಗುವಾಗಿದ್ದಾಗಿನಿಂದ ತಲೆ ತಿರುಗಿಸುತ್ತಿದ್ದದ್ದು. ಕಣ್ಣು ಹೋಗುವುದಿಲ್ಲ, ಆದರೆ ಅಲ್ಲಾಟ ಪೂರ್ತಿ ನಿಲ್ಲಿಸುವ ಮದ್ದಿಲ್ಲ, ಹೊಲಿಗೆಯನ್ನು ಎಡಕ್ಕೆ ಇಟ್ಟುಕೊಂಡರೆ ತಲೆ ಅಷ್ಟು ತಿರುಗಿಸಬೇಕಾಗಿಲ್ಲ, ಕುತ್ತಿಗೆಗೂ ಆರಾಮ ಎಂದರು.

ಬಸ್ಸಿನಲ್ಲಿ ನನಗೆ ಸಮಾಧಾನಕ್ಕಿಂತ ಮೊದಲು ಸಿಟ್ಟು ಬಂತು. ಎಷ್ಟು ವರ್ಷ, ಎಷ್ಟು ಸಲ ಆ ಕೈ ನನ್ನ ಗಲ್ಲ ತಿರುಗಿಸಿತ್ತು. ಅಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: "ಜನ ಆಡಿಕೊಳ್ಳಬಾರದು ಅಂತ ಮಾಡಿದ್ದು ಮಗಾ. ನನಗೆ ಗೊತ್ತಿರಲಿಲ್ಲ."

ನಾನು ಕಾಲರನ್ನು ಚೀಲದೊಳಗೆ ತುರುಕಿದೆ.

ಈಗ ಸ್ಟೂಲ್ ಓರೆಯಾಗಿಟ್ಟು ಹೊಲಿಯುತ್ತೇನೆ. ದಿನಕ್ಕೆ ಎರಡೇ ಬ್ಲೌಸು. ಸಂಜೆ ಕುತ್ತಿಗೆ ನೋಯುತ್ತದೆ, ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತೇನೆ. ಇಷ್ಟಾದರೂ ಉಳಿಯಿತಲ್ಲ.

ಮೊನ್ನೆ ಅಮ್ಮ ಚಹಾ ತಂದು ಯಾವಾಗಿನಂತೆ ಎದುರಿಗೆ ನಿಂತಳು. ನನ್ನ ಮುಖ ತಿರುಗಿತು. ಅವಳ ಕೈ ಗಲ್ಲದವರೆಗೆ ಬಂದು ನಿಂತಿತು.

"ಎಲ್ಲಿ ನಿಂತರೆ ನಾನು ನಿನಗೆ ಸರಿ ಕಾಣ್ತೇನೆ?"

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಸ್ವಲ್ಪ ಎಡಕ್ಕೆ ಎಂದೆ. ಅಮ್ಮ ಸರಿದು ನಿಂತಳು.