ವೇಲಕ್ಕನ ಪಾದದ ಕೆಳಗಿನ ಊರು

ದುಬ್ರಾವಾದಲ್ಲಿ ನೆಟ್ಟಗೆ ನಿಂತ ಮನುಷ್ಯನನ್ನು ಕಂಡರೆ ನಾಯಿಗಳು ಬೊಗಳುತ್ತಿದ್ದವು, ಯಾರೋ ಬೇರೆ ಊರಿನವನು ಅಂತ. ಹೊಗೆಸೊಪ್ಪಿನ ಊರು ಅದು. ಸಸಿ ನೆಡುವಾಗ ಬಗ್ಗಿದವರು ಎಲೆ ಮುರಿಯುವಾಗಲೂ ಬಗ್ಗಿಯೇ ಇದ್ದು, ಎಲೆ ಪೋಣಿಸುವಾಗಲೂ ಬಗ್ಗಿ, ಕೊನೆಗೆ ಶವಪೆಟ್ಟಿಗೆಯಲ್ಲಿ ಮಲಗಿಸಿದಾಗಲೇ ಸ್ವಲ್ಪ ನೆಟ್ಟಗಾಗುತ್ತಿದ್ದರು. ಅದಕ್ಕೂ ಒಪ್ಪದ ಕೆಲವರಿಗೆ ಬಡಗಿ ಪೆಟ್ಟಿಗೆಯನ್ನೇ ಡೊಂಕಾಗಿ ಹೊಡೆಯಬೇಕಾಗುತ್ತಿತ್ತು.

ಹಿಂದೆ ಕರಡಿ ಆಡಿಸುವವರು ಬರುತ್ತಿದ್ದರು. ಸೊಂಟ ಹಿಡಿದವರು ಬೀದಿಯಲ್ಲೇ ಬೋರಲು ಮಲಗುವುದು, ಕರಡಿ ಮೇಲೆ ಹತ್ತಿ ನಾಲ್ಕು ಹೆಜ್ಜೆ ಹಾಕುವುದು. ಆದರೆ ಕರಡಿ ವರ್ಷಕ್ಕೊಮ್ಮೆ ಬರುತ್ತಿತ್ತು, ನೋವು ದಿನಾ ಬರುತ್ತಿತ್ತು. ಹಾಗಾಗಿ ಊರಿನ ಹಿರಿಯರು ಇನ್ನೂ ಹಳೆಯ ಮದ್ದನ್ನೇ ನೆಚ್ಚಿಕೊಂಡಿದ್ದರು: ಸೊಂಟ ತುಳಿಯಬೇಕಾದವಳು ಅವಳಿ ಹೆತ್ತವಳು. ಒಂದೇ ಬಸಿರಲ್ಲಿ ಇಬ್ಬರನ್ನು ಹೊತ್ತು ಮುರಿಯದ ನಡು ಯಾರದೋ, ಅವಳ ಪಾದಕ್ಕೆ ಬೇರೆಯವರ ನಡುವಿನ ಗುಟ್ಟು ಗೊತ್ತು ಎಂಬುದು ಅವರ ಲೆಕ್ಕ.

ವೇಲಾ ಅವಳಿ ಹೆತ್ತಳು. ಬಾಣಂತಿತನ ಮುಗಿಸಿ ಮನೆಯಿಂದ ಹೊರಗೆ ಕಾಲಿಟ್ಟರೆ, ಅಂಗಳದ ತುಂಬ ಜನ ಬೋರಲು ಬಿದ್ದಿದ್ದರು. ಅವತ್ತು ತುಳಿಯಲು ಶುರು ಮಾಡಿದವಳು. ಆ ಅವಳಿ ಮಕ್ಕಳು ಮೀಸೆ ಬೆಳೆಸಿ ಸೈನ್ಯಕ್ಕೆ ಹೋದರು. ಅವಳು ಮಾತ್ರ ಬೆನ್ನಿನಿಂದ ಕೆಳಗಿಳಿದಿರಲಿಲ್ಲ.

ಕೆಲಸ ಅವಳಿಗೆ ಚೆನ್ನಾಗಿ ಬರುತ್ತಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಮೊದಲು ಬೆಚ್ಚಗಿನ ಕೊಬ್ಬಿಗೆ ಎರಡು ಹನಿ ರಕಿಯಾ ಸಾರಾಯಿ ಬೆರೆಸಿ ನಡುವಿಗೆ ತಿಕ್ಕುವುದು. ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಹಿಟ್ಟು ಸುತ್ತಿದಂತೆ ಕೆಳಗಿನಿಂದ ಮೇಲಕ್ಕೆ ಸುತ್ತಿಕೊಂಡು ಹೋಗುವುದು. ಆಮೇಲೆ ಬಾಗಿಲ ಮೇಲಿನ ಅಡ್ಡಗಂಬಿ ಹಿಡಿದು, ಅರ್ಧ ಭಾರವನ್ನು ಕೈಗೆ ಕೊಟ್ಟು, ಅರ್ಧವನ್ನು ಹಿಮ್ಮಡಿಗೆ ಇಳಿಸುವುದು. ಬೆನ್ನುಮೂಳೆಯ ಮೇಲೆ ಅಪ್ಪಿತಪ್ಪಿಯೂ ಕಾಲಿಡುವಂತಿಲ್ಲ. ಅದರ ಎರಡೂ ಪಕ್ಕದ ಮಾಂಸದ ಮೇಲೆ ಮಾತ್ರ. ಮಲಗಿದವನು ಉಸಿರು ಬಿಟ್ಟಾಗ ಒತ್ತುವುದು, ಎಳೆದುಕೊಂಡಾಗ ಎತ್ತುವುದು. ಕುಂಡಿಯ ಮೇಲ್ಭಾಗದಲ್ಲಿ ಅಡಿಕೆಯಷ್ಟು ಗಂಟು ಸಿಕ್ಕರೆ ಹೆಬ್ಬೆರಳನ್ನು ಅದರ ಮೇಲಿಟ್ಟು ಅದು ಕರಗುವ ತನಕ ಕಾಯುವುದು. ಕೊನೆಗೆ ಉಣ್ಣೆಯ ಪಟ್ಟಿ ಸುತ್ತಿ, ಒಲೆಯಲ್ಲಿ ಬ್ರೆಡ್ಡು ಬೇಯುವಷ್ಟು ಹೊತ್ತು ಅಲ್ಲಾಡದೆ ಮಲಗಿಸುವುದು. ಆ ನಡುವೆ ಎದ್ದರೆ ತುಳಿದದ್ದೆಲ್ಲ ನೀರಲ್ಲಿ ಹೋಮ.

ಇಂಥ ಪಾದವನ್ನು ಊರು ಬಿಟ್ಟುಕೊಡುತ್ತದೆಯೇ? ಊರು ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿತು. ಹೊಗೆಸೊಪ್ಪಿನ ಮೂಟೆ ತೂಗುವ ದೊಡ್ಡ ತಕ್ಕಡಿಯಲ್ಲಿ ಸುಗ್ಗಿಗೊಮ್ಮೆ ಮೂಟೆಗಳ ಜೊತೆ ವೇಲಾಳನ್ನೂ ತೂಗುತ್ತಿದ್ದರು. ತೂಕ ಇಳಿದಿದ್ದರೆ ಮನೆಮನೆಯಿಂದ ಚೀಸ್ ತುಂಬಿದ ಬಾನಿತ್ಸ ಎಂಬ ಪದರುರೊಟ್ಟಿ ಬರುತ್ತಿತ್ತು. ಏರಿದ್ದರೆ ಅದೇ ಹೆಂಗಸರು ಬರೀ ಉಪ್ಪಿನ ಸೌತೆಕಾಯಿ ಕಳಿಸುತ್ತಿದ್ದರು. ಅಂಗಡಿಯವಳು ಅವಳನ್ನು ಕಂಡ ಕೂಡಲೇ ಸಕ್ಕರೆ ಮುಗಿಯಿತು ಎನ್ನುತ್ತಿದ್ದಳು. ಒಂದು ಚಳಿಗಾಲ ವೇಲಾಳಿಗೆ ನೆಗಡಿಯಾಯಿತು. ಆ ವಾರ ಊರವರು ಇಗರ್ಜಿಯಲ್ಲಿ ಹಚ್ಚಿದ ಮೇಣದಬತ್ತಿಯ ಬಿಸಿಗೆ ಚಾವಣಿಯ ಹಿಮ ಕರಗಿ ಗಂಟೆ ಬಾರಿಸುವವನ ತಲೆ ಮೇಲೆ ಬಿತ್ತಂತೆ.

ಅವಳ ಗಂಡ ಲಾಲೊ ಬುರ್ಗಾಸ್ ಬಂದರಿನಲ್ಲಿ ಕ್ರೇನು ಓಡಿಸುತ್ತಿದ್ದ. ಹಬ್ಬಕ್ಕೆ ಬಂದವನು ಹಬ್ಬ ಮುಗಿಸಿ ಹೋಗುತ್ತಿದ್ದ. ಬಂದಷ್ಟು ದಿನವೂ ಗಂಡ ಹೆಂಡತಿಯ ನಡುವೆ ಯಾರಾದರೊಬ್ಬರು ಬೋರಲು ಮಲಗಿರುತ್ತಿದ್ದರು. ಒಂದು ಬೇಸಿಗೆಯಲ್ಲಿ ಅವನು ಹೇಳಿದ್ದ, “ವೇಲಾ, ಬಾಲ್ಕನಿ ಇರೋ ಮನೆ ಸಿಕ್ಕಿದೆ. ಕುರ್ಚಿ ಹಾಕ್ಕೊಂಡ್ರೆ ಸಮುದ್ರ ಕಾಣತ್ತೆ. ಎರಡು ಕುರ್ಚಿ ತಂದಿದೀನಿ. ಒಂದರ ಮೇಲೆ ನಾನು ಕೂತ್ಕೋತೀನಿ, ಇನ್ನೊಂದರ ಮೇಲೆ ಬೆಕ್ಕು.”

“ಬೆಕ್ಕನ್ನ ಎಬ್ಬಿಸಿಡು. ನಾನು ಬರ್ತೀನಿ.”

ಹಾಗೆ ಹೇಳಿದ್ದೇನೋ ಸರಿ. ಆದರೆ ಊರು ಬಿಟ್ಟು ನಗರದಲ್ಲಿ ನೆಲೆಸಬೇಕಾದರೆ ಆ ಕಾಲದಲ್ಲಿ ಸಹಕಾರಿ ಸಂಘದ ಅಧ್ಯಕ್ಷನ ಒಪ್ಪಿಗೆ ಬೇಕಿತ್ತು. ಅಧ್ಯಕ್ಷ ಗ್ರೂಡಿ. ಇಡೀ ದುಬ್ರಾವಾದ ಅತಿ ಕೆಟ್ಟ ಸೊಂಟ ಅವನದೇ, ಅವನು ಹೊಲಕ್ಕೆ ಎಂದೂ ಬಗ್ಗದಿದ್ದರೂ.

“ನಾನೇನು ಬೇಡ ಅಂದ್ನಾ ವೇಲಾ?” ಎಂದ ಅವನು. “ಇನ್ನೊಬ್ಬ ಅವಳಿ ಹೆತ್ತವಳನ್ನ ತೋರ್ಸು, ನೀನು ಹೋಗು. ನಾನೇ ನಿನ್ನ ಗಂಟು ಹೊತ್ಕೊಂಡು ಬಸ್ಸಿಗೆ ಹತ್ತಿಸ್ತೀನಿ.”

“ಅಧ್ಯಕ್ಷರೇ, ಅವಳಿ ಹೆರೋದು ನನ್ನ ಕೈಲಿದೆಯಾ?”

“ನನ್ನ ಸೊಂಟ ನನ್ನ ಕೈಲಿದೆಯಾ?”

ಅವತ್ತಿನಿಂದ ವೇಲಾ ಬಸುರಿಯರ ಹೊಟ್ಟೆ ನೋಡತೊಡಗಿದಳು. ಬಾವಿಯ ಹತ್ತಿರ, ಅಂಗಡಿಯಲ್ಲಿ, ಮಸಣದಲ್ಲಿ, ಎಲ್ಲಿ ಹೊಟ್ಟೆ ಕಂಡರೂ ಅವಳ ಕಣ್ಣು ಅಲ್ಲೇ. ಒಮ್ಮೆ ತೋಪಿನ ಆಚೆಯ ಕುರುಬನ ಹೊಟ್ಟೆಯನ್ನೂ ಆಸೆಯಿಂದ ನೋಡಿದಳೆಂದು ಆಡಿಕೊಳ್ಳುತ್ತಾರೆ. ಒಬ್ಬೊಬ್ಬಳೂ ಒಂದೊಂದೇ ಹೆತ್ತಳು. ಪ್ರತಿ ತೊಟ್ಟಿಲಿಗೂ ವೇಲಾ ಉಣ್ಣೆ ಕಾಲುಚೀಲ ಹೆಣೆದು ಕೊಟ್ಟು, ಮನೆಗೆ ಬಂದು ಬಾಗಿಲು ಹಾಕಿಕೊಂಡು, ಗೋಡೆಗೆ ಹಣೆಯಿಟ್ಟು ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತಿಗೇ ಹೊರಗಿಂದ ಯಾರೋ, “ವೇಲಕ್ಕಾ, ಇದೀಯಾ? ನಡು ಹಿಡ್ಕೊಂಡುಬಿಟ್ಟಿದೆ,” ಎನ್ನುತ್ತಿದ್ದರು.

ಕೊನೆಗೆ ಕುಲುಮೆಯವನ ಸೊಸೆ ಇಸ್ಕ್ರಾ ಹೆತ್ತಳು. ಎರಡು ಗಂಡು. ಸುದ್ದಿ ಕೇಳಿ ವೇಲಾ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿದಳು. ಇಸ್ಕ್ರಾ ಹಾಸಿಗೆಯಲ್ಲಿ ಅಕ್ಕಪಕ್ಕ ಒಂದೊಂದು ಮಗು ಇಟ್ಟುಕೊಂಡು ನಗುತ್ತಿದ್ದಳು.

“ನಂಗೆ ಹೇಳ್ಕೊಡು ಅಕ್ಕ,” ಎಂದಳು. “ತುಳಿಯೋಳಿಗೆ ಹೊಲದ ಕೆಲಸ ಮಾಫಿ ಅಲ್ವಾ? ಹೊಗೆಸೊಪ್ಪು ಮುರಿಯೋದಕ್ಕಿಂತ ಗ್ರೂಡಿ ಬೆನ್ನು ಮುರಿಯೋದೇ ವಾಸಿ.”

“ಮುರಿಯೋದಲ್ಲ ಹುಡುಗಿ, ತುಳಿಯೋದು.”

“ಮುರಿಯದ ಹಾಗೆ ತುಳಿಯೋದನ್ನ ಹೇಳ್ಕೊಡು ಅಂದೆ.”

ಚಳಿಗಾಲವಿಡೀ ವೇಲಾ ಹೇಳಿಕೊಟ್ಟಳು. ಮೊದಲು ಹೊಗೆಸೊಪ್ಪಿನ ಮೂಟೆಯ ಮೇಲೆ, ಆಮೇಲೆ ನೆಲದಲ್ಲಿ ತಾನೇ ಬೋರಲು ಮಲಗಿ. ತನ್ನ ಬೆನ್ನಿನ ಮೇಲೆ ಇನ್ನೊಬ್ಬರ ಹಿಮ್ಮಡಿ ಇಳಿದಾಗ ಎಷ್ಟು ಹಗುರವಾಗುತ್ತದೆಂದು ವೇಲಾಳಿಗೆ ಗೊತ್ತಾದದ್ದು ಆಗಲೇ. ಇಷ್ಟು ವರ್ಷ ಅವಳ ನಡು ತುಳಿಯಲು ಊರಲ್ಲಿ ಇನ್ನೊಬ್ಬ ಅವಳಿ ಹೆತ್ತವಳು ಎಲ್ಲಿದ್ದಳು? ಅವಳು ಅತ್ತಳು, ಇಸ್ಕ್ರಾ ಹೆದರಿ ಕೆಳಗಿಳಿದಳು.

“ನೋವಾಯ್ತಾ ಅಕ್ಕ?”

“ಇಲ್ಲ ಕಣೇ. ಹತ್ತು.”

ಹಿಮ ಕರಗಿ ದಾರಿ ತೆರೆಯಿತು. ವೇಲಾ ಗಂಟು ಕಟ್ಟಿದಳು. ಆಗ ಬಾಯಿ ತೆರೆದವಳು ಪೇನಜ್ಜಿ. ಊರಿಗೆಲ್ಲ ಹಿರಿಯಳು, ಎಷ್ಟು ಹಿರಿಯಳೆಂದರೆ ಊರಾಚೆಯ ಬೆಟ್ಟ ಗುಡ್ಡವಾಗಿದ್ದಾಗಿನಿಂದ ನೋಡಿದ್ದೇನೆ ಎನ್ನುತ್ತಿದ್ದಳು. ಇಸ್ಕ್ರಾಳ ಹೆರಿಗೆ ಮಾಡಿಸಿದವಳೂ ಅವಳೇ.

“ಅದು ಅವಳಿಯಲ್ಲ,” ಎಂದಳು ಪೇನಜ್ಜಿ.

“ಒಂದೇ ಹೊಟ್ಟೆ, ಒಂದೇ ರಾತ್ರಿ ಅಜ್ಜಿ!”

“ಒಂದೇ ರಾತ್ರಿ, ಆದರೆ ಎರಡು ದಿನ. ದೊಡ್ಡೋನು ಬಂದಾಗ ಶನಿವಾರ. ಆಮೇಲೆ ಪಂಚಾಯ್ತಿ ಗಡಿಯಾರ ಹನ್ನೆರಡು ಹೊಡೀತು. ಚಿಕ್ಕೋನು ಬಂದಿದ್ದು ಭಾನುವಾರ. ಬೇರೆ ದಿನ, ಬೇರೆ ಸಂತ, ಬೇರೆ ಹಣೆಬರಹ. ಅವರು ಅಣ್ಣ ತಮ್ಮ. ಅವಳಿ ಅನ್ನೋಕಾಗಲ್ಲ.”

ಊರು ಅತ್ತಿತ್ತ ನೋಡಿತು, ಯೋಚಿಸಿತು, ತನ್ನ ಸೊಂಟ ಮುಟ್ಟಿ ನೋಡಿಕೊಂಡಿತು. ಅಜ್ಜಿ ಹೇಳಿದ್ದು ಸರಿ ಎಂದು ಎಲ್ಲರಿಗೂ ತೋಚಿತು. ಸಂತರ ಹೆಸರೆತ್ತಿದರೆ, ದೇವರನ್ನೊಪ್ಪದ ತನ್ನ ಪಕ್ಷದ ಸಭೆಯಲ್ಲಿ ಮುಖ ಗಂಟಿಕ್ಕುತ್ತಿದ್ದ ಗ್ರೂಡಿಗೂ ಅವತ್ತು ದೇವರಲ್ಲಿ ಎಲ್ಲಿಲ್ಲದ ಭಕ್ತಿ ಬಂತು.

“ಸಂಪ್ರದಾಯ ಅಂತ ಒಂದಿದೆ ವೇಲಾ,” ಎಂದ. “ನಾನು ಅದನ್ನ ಮೀರೋಕಾಗತ್ತಾ?”

ವೇಲಾ ಮನೆಗೆ ಹೊರಟಳು. ಅಂಗಳಕ್ಕೆ ಬಂದರೆ ಊರೇ ಅಲ್ಲಿ ಬೋರಲು ಬಿದ್ದಿತ್ತು. ಅವಳು ಹೊರಡುತ್ತಾಳೆಂಬ ಸುದ್ದಿಗೇ ಎಲ್ಲರ ಸೊಂಟ ಒಟ್ಟಿಗೆ ಹಿಡಿದುಕೊಂಡಿತ್ತು. ಎಂದೂ ನೋವು ಕಾಣದ ಶಾಲೆಯ ಮೇಷ್ಟ್ರೂ ಅಂಚೆಯವನೂ ಅಲ್ಲಿದ್ದರು. ಸಾಲಿನ ಕೊನೆಯಲ್ಲಿ ಯಾರದೋ ಕತ್ತೆಯೂ ಮಂಡಿಯೂರಿ ಕೂತಿತ್ತು. ಅವಳು ಒಬ್ಬೊಬ್ಬರನ್ನೇ ತುಳಿದಳು. ಉಸಿರು ಬಿಟ್ಟಾಗ ಒತ್ತಿದಳು, ಎಳೆದುಕೊಂಡಾಗ ಎತ್ತಿದಳು. ಗಂಟು ಬಾಗಿಲ ಹಿಂದೆ ಕಟ್ಟಿದ ಹಾಗೇ ಇತ್ತು.

ಬಸ್ಸು ಬರುವ ದಿನ ಬೆಳಿಗ್ಗೆ ಗ್ರೂಡಿ ಸಂಘದ ಕಚೇರಿಯಲ್ಲಿ ಬಿದ್ದ ಪೆನ್ನು ಎತ್ತಲು ಬಗ್ಗಿದವನು ಮೇಲೇಳಲಿಲ್ಲ. ಕರೆ ಬಂತು. ವೇಲಾ ಗಂಟು ಹೊತ್ತು, ಇಸ್ಕ್ರಾಳನ್ನೂ ಜೊತೆಗೆ ಕರೆದುಕೊಂಡೇ ಹೋದಳು. ಬಾಗಿಲಲ್ಲಿ ಪೇನಜ್ಜಿ, ಕಿಟಕಿಯಲ್ಲಿ ಅರ್ಧ ಊರು.

ಗ್ರೂಡಿಯನ್ನು ಬೋರಲು ಮಲಗಿಸಿ ವೇಲಾ ಕೊಬ್ಬು ತಿಕ್ಕಿದಳು, ಚರ್ಮ ಸುತ್ತಿದಳು. ಆಮೇಲೆ ಕಣ್ಣಲ್ಲೇ ಇಸ್ಕ್ರಾಳಿಗೆ ಹೇಳಿದಳು. ಗ್ರೂಡಿಯ ಸೊಂಟಕ್ಕೆಂದೇ ಕಚೇರಿಯ ಬಾಗಿಲಿಗೂ ಹಾಕಿಸಿದ್ದ ಅಡ್ಡಗಂಬಿ ಹಿಡಿದು ಇಸ್ಕ್ರಾ ಹತ್ತಿದಳು. ವೇಲಾ ಪಕ್ಕದಲ್ಲಿ ನಿಂತು ಮಾತಾಡುತ್ತಲೇ ಇದ್ದಳು. ಕಿಟಕಿಯವರು ಬಾಯಿಗೆ ಕೈ ಇಟ್ಟುಕೊಂಡರು.

“ಆಹಾ... ಅಲ್ಲೇ,” ಎಂದ ಗ್ರೂಡಿ, ಮೂಗು ನೆಲಕ್ಕೊತ್ತಿ. “ವೇಲಾ, ಇವತ್ತು ನಿನ್ನ ಪಾದದಲ್ಲಿ ಜೇನಿದೆ. ಇದನ್ನ ಬಿಟ್ಟು ನಿನ್ನ ಬುರ್ಗಾಸಿಗೆ ಕಳಿಸ್ಲಾ? ಹುಚ್ಚಾ ನಂಗೆ?”

“ಇಸ್ಕ್ರಾ ಇಷ್ಟೇ ಚೆನ್ನಾಗಿ ತುಳಿದ್ರೆ?”

“ಆ ಹುಡುಗಿ ಜನ್ಮದಲ್ಲಿ ಇದರ ಅರ್ಧ ತುಳಿದ್ರೂ ನೀನು ಇವತ್ತೇ ಹೊರಡು!”

“ಕೇಳಿಸ್ತಾ ಎಲ್ಲರಿಗೂ? ಈಗ ತಿರುಗಿ ನೋಡಿ ಅಧ್ಯಕ್ಷರೇ.”

ಗ್ರೂಡಿ ಕತ್ತು ತಿರುಗಿಸಿದ. ಕಂಡದ್ದು ಇಸ್ಕ್ರಾಳ ಸಣ್ಣ ಪಾದ. ಅವನ ಮುಖ ಕ್ಷಣದಲ್ಲಿ ಸುಣ್ಣವಾಯಿತು.

“ಅಯ್ಯಯ್ಯೋ! ಸತ್ತೆ! ಅದಕ್ಕೇ ಉರೀತಿತ್ತು! ಭಾನುವಾರದೋಳು ಮುರಿದುಬಿಟ್ಲು!”

ಅವನು ನಟಿಸುತ್ತಿರಲಿಲ್ಲ, ಅದೇ ಕಷ್ಟ. ನಿಜವಾಗಿಯೇ ನೋವು ಮರಳಿ ಬಂದಿತ್ತು, ಬೆವರು ಹರಿಯುತ್ತಿತ್ತು. ಕಿಟಕಿಯ ತಲೆಗಳೆಲ್ಲ, ನೋಡಿದ್ರಾ, ಅಜ್ಜಿ ಹೇಳಿರಲಿಲ್ವಾ ಎಂದು ಗುಜುಗುಜು ಮಾಡಿದವು. ವೇಲಾ ಇಷ್ಟು ವರ್ಷ ಕೈಯಾರೆ ಕರಗಿಸಿದ ಗಂಟುಗಳೆಲ್ಲ ಒಂದಾಗಿ ಬಂದು ಅವಳ ಎದೆಯಲ್ಲಿ ಕೂತವು. ಹೆಬ್ಬೆರಳಿಟ್ಟರೂ ಕರಗುವ ಗಂಟಲ್ಲ ಅದು. ಈ ಜನಕ್ಕೆ ಇನ್ನು ಏನು ತೋರಿಸಿದರೂ ಅಷ್ಟೇ ಎಂದು ಅವಳಿಗೆ ತಿಳಿಯಿತು. ತಿಳಿದ ಮೇಲೆ ಕೈಗೆ ಹತ್ತಿದ ಕೊಬ್ಬನ್ನು ಒರೆಸಿಕೊಂಡಳು.

ಚೌಕದಲ್ಲಿ ಬಸ್ಸಿನ ಹಾರ್ನು ಕೇಳಿಸಿತು.

“ಅಧ್ಯಕ್ಷರೇ, ಮಾತು ಕೊಟ್ಟಾಯ್ತು, ಊರೇ ಕೇಳಿಸ್ಕೊಂಡಾಯ್ತು. ಅರ್ಧ ತುಳಿದ್ರೆ ಅಂದ್ರಿ, ಅವಳು ಪೂರ್ತಿ ತುಳಿದಳು. ಬ್ರೆಡ್ಡು ಬೇಯೋತನಕ ಏಳಬೇಡಿ.”

“ಹಿಡೀರೋ ಅವಳನ್ನ!” ಎಂದ ಗ್ರೂಡಿ ನೆಲದಿಂದ.

ಹಿಡಿಯಲು ಯಾರೂ ಬರಲಿಲ್ಲ. ಇವತ್ತು ಅವಳ ರಟ್ಟೆ ಹಿಡಿದವನು ನಾಳೆ ಅವಳು ಹೋಗದೆ ಉಳಿದರೆ ಯಾವ ಮುಖ ಹೊತ್ತು ಅವಳ ಕೆಳಗೆ ಮಲಗುತ್ತಾನೆ? ವೇಲಾ ಗಂಟೆತ್ತಿಕೊಂಡು ಬಾಗಿಲಿಗೆ ಬಂದಳು. ಅಷ್ಟರಲ್ಲಿ ಪೇನಜ್ಜಿ ಕೋಲು ಬದಿಗಿಟ್ಟು, ಮೊಣಕಾಲೂರಿ, ಆಮೇಲೆ ಕೈಯೂರಿ, ಹೊಸಿಲಿಗೆ ಅಡ್ಡಲಾಗಿ ಬೋರಲು ಮಲಗಿಬಿಟ್ಟಳು.

“ಹೋಗು ಹೋಗು,” ಎಂದಳು ಮರದ ಹಲಗೆಗೆ. “ಹೇಗೆ ಹೋಗ್ತೀಯೋ ನೋಡ್ತೀನಿ.”

ಮಲಗಿದವರನ್ನು ದಾಟಿದರೆ ಅವರು ಸಾಯುತ್ತಾರೆ ಎಂಬುದನ್ನು ದುಬ್ರಾವಾದಲ್ಲಿ ಹಾಲು ಕುಡಿಯುವ ಕೂಸೂ ಬಲ್ಲದು. ಮುದುಕಿಯ ಸಾವನ್ನು ಹೊತ್ತು ಸಮುದ್ರದ ಮುಂದೆ ಕೂರುವುದು ಹೇಗೆ? ಕಚೇರಿಗೆ ಬೇರೆ ಬಾಗಿಲಿಲ್ಲ, ಕಿಟಕಿಯ ತುಂಬ ಜನ. ಹಾರ್ನು ಮತ್ತೆ ಕೂಗಿತು.

ವೇಲಾ ಒಂದು ಗಳಿಗೆ ಆ ಸಣಕಲು ಬೆನ್ನನ್ನೇ ನೋಡುತ್ತ ನಿಂತಳು. ಕಪ್ಪು ಉಡುಪಿನ ಕೆಳಗೆ ನಡುವಿನ ಎಡಪಕ್ಕ ಗಟ್ಟಿಯಾಗಿ ಎದ್ದು ನಿಂತಿತ್ತು. ಮುದುಕಿ ಮಲಗಲು ಪಟ್ಟ ಪಾಡನ್ನು ಅವಳು ನೋಡಿದ್ದಳು. ದಾಟುವುದು ಪಾಪ. ಆದರೆ ತುಳಿಯುವುದು ಪಾಪವೆಂದು ಈ ಊರಲ್ಲಿ ಇದುವರೆಗೆ ಯಾರೂ ಹೇಳಿರಲಿಲ್ಲ.

ಅವಳು ಬೂಟು ಕಳಚಿ ಗಂಟಿನ ಜೊತೆ ಎಡಗೈಯಲ್ಲಿ ಹಿಡಿದಳು. ಬಲಗೈಯಿಂದ ಬಾಗಿಲ ಮೇಲಿನ ಗಂಬಿ ಹಿಡಿದು, ಮುಕ್ಕಾಲು ಭಾರ ಅದಕ್ಕೆ ಕೊಟ್ಟಳು.

“ಉಸಿರು ಬಿಡು ಅಜ್ಜಿ.”

ಅಭ್ಯಾಸಬಲ. ಪೇನಜ್ಜಿ ಉಸಿರು ಬಿಟ್ಟಳು. ವೇಲಾ ಮೂಳೆಯ ಈಚೆ ಒಂದು ಪಾದ ಇಟ್ಟಳು, ಆಚೆ ಒಂದು ಪಾದ ಇಟ್ಟಳು, ಹೊರಗಿನ ಮೆಟ್ಟಿಲಿಗೆ ಇಳಿದಳು. ಮುದುಕಿಯ ನಡುವಿನೊಳಗೆಲ್ಲೋ ಒಣ ಕಡ್ಡಿ ಮುರಿದಂತೆ ಲಟಕ್ಕೆಂದಿತು.

“ಅಮ್ಮಾ...” ಎಂದಳು ಪೇನಜ್ಜಿ. ಆಮೇಲೆ ಬೇರೆಯೇ ದನಿಯಲ್ಲಿ, “ವೇಲಾ, ಸ್ವಲ್ಪ ಎಡಕ್ಕೆ. ಎಡಕ್ಕೆ ಒಂದೇ ಸಲ ಕಣೇ, ತಾಯಿ. ನಿಂತ್ಕೊ.”

ವೇಲಾಳ ಕಾಲು ನಿಂತಿತು. ಇಷ್ಟು ವರ್ಷ ಅವಳನ್ನು ಹಿಡಿದಿಟ್ಟದ್ದು ಗ್ರೂಡಿ ಕೊಡದ ಒಪ್ಪಿಗೆಯಲ್ಲ, ಈ ದನಿ. ತಣ್ಣಗಿನ ಕೆಸರು ಬೆರಳುಗಳ ನಡುವೆ ನುಗ್ಗುತ್ತಿತ್ತು.

“ಎಡಕ್ಕೆ ಇಸ್ಕ್ರಾ ತುಳೀತಾಳೆ ಅಜ್ಜಿ,” ಎಂದಳು, ತಿರುಗಿ ನೋಡದೆ.

“ಅವಳು ಬೇಡ! ಅವಳು ಭಾನುವಾರ...”

ವೇಲಾ ನಡೆದಳು. ಚೌಕದಲ್ಲಿ ಡ್ರೈವರು ಬಾಗಿಲು ಮುಚ್ಚುತ್ತಿದ್ದ. ಅವಳು ಬೂಟು ಹಿಡಿದ ಕೈ ಬೀಸಿ ಓಡಿದಳು. ಹಿಂದೆ, ಕಚೇರಿಯ ಬಾಗಿಲಲ್ಲಿ, ಮುದುಕಿಯ ಬೈಗುಳ ಅರ್ಧಕ್ಕೇ ನಿಂತಿತು. ಉಸಿರು ಬಿಡು ಅಜ್ಜಿ ಎಂದಿತು ಇಸ್ಕ್ರಾಳ ದನಿ. ಆಮೇಲೆ ಕೇಳಿಸಿತು:

“ಹ್ಞಾ... ಅಲ್ಲೇ.”