ಕೊಲ್ಲಿಯೊಳಗಿನ ಕೊಳ್ಳಿ

ದೊಡ್ಡಮ್ಮನ ಬಲಗೈಯ ಎರಡು ಬೆರಳುಗಳ ತುದಿಗೆ ಬಿಸಿ ತಿಳಿಯುತ್ತಿರಲಿಲ್ಲ. ಕಾದ ಕಾವಲಿಯ ಮೇಲಿನ ದೋಸೆಯನ್ನು ಅವೇ ಬೆರಳುಗಳಿಂದ ಎತ್ತಿ, ಮಗುಚಿ, ಏನೂ ಆಗದವರಂತೆ ಮಾತು ಮುಂದುವರಿಸುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ಕಿರುಚಿಯೇಬಿಟ್ಟಿದ್ದೆ.

“ಯಾಕಮ್ಮ ಹಾಗೆ ಕೂಗ್ಕೋತೀಯ? ಇವೆರಡೂ ದಕ್ಷಿಣ ಧ್ರುವದಲ್ಲೇ ಸತ್ತುಹೋದ್ವು. ಹಿಮ ಕಚ್ಚಿದ್ದು.”

ಅವರು ನನಗೆ ರಕ್ತಸಂಬಂಧಿಯಲ್ಲ. ಈ ಪರದೇಶದ ಊರು ಕೆನ್ಮೋರಿನಲ್ಲಿ ನಮ್ಮ ಪಕ್ಕದ ಮನೆಯವರು, ಮೈಸೂರಿನವರು, ಮದುವೆಯಾಗದೆ ಒಬ್ಬರೇ ಇದ್ದವರು. ಶುರುವಿನಲ್ಲಿ ನಾನು ಆಂಟಿ ಎಂದಿದ್ದೆ. “ಇಂಡಿಯನ್ ಅಂಗಡೀಲಿ ಬಿಲ್ ಹಾಕೋನೂ ಆಂಟಿ ಅಂತಾನೆ. ನೀನು ದೊಡ್ಡಮ್ಮ ಅನ್ನು” ಎಂದರು. ಅಲ್ಲಿಗೆ ಸಂಬಂಧ ಕುದುರಿತು.

ಅವರ ಕೆಲಸ ಕೆಸರು. ಅಂಟಾರ್ಕ್ಟಿಕಾದ ಒಂದು ಕೊಲ್ಲಿಗೆ ಹಡಗಿನಲ್ಲಿ ಹೋಗಿ, ಉದ್ದನೆಯ ಕೊಳವೆಯನ್ನು ಸಮುದ್ರದ ತಳಕ್ಕಿಳಿಸಿ, ಅಲ್ಲಿಯ ಕೆಸರನ್ನು ಪದರ ಕದಡದ ಹಾಗೆ ಮೇಲೆತ್ತುವುದು. ಹಿಮನದಿ ಯಾವಾಗ ಸಮುದ್ರದೊಳಕ್ಕೆ ಮುಂದೊತ್ತಿತ್ತು, ಯಾವಾಗ ಹಿಂದೆ ಸರಿಯಿತು ಎಂಬುದನ್ನು ಆ ಪದರಗಳಲ್ಲಿ ಓದುವುದು. ನಿವೃತ್ತರಾಗುವವರೆಗೂ ಅದನ್ನೇ ಮಾಡಿದರು.

“ನಮ್ಮಮ್ಮ ಕೊನೇವರೆಗೂ ನಾನು ಮೀನಿನ ಇಲಾಖೇಲಿದೀನಿ ಅಂದ್ಕೊಂಡಿದ್ಲು. ನೆಂಟರಿಗೆ ಹೇಳೋವಾಗ ದನಿ ಸಣ್ಣ ಮಾಡ್ಕೋತಿದ್ಲು” ಎಂದು ಒಮ್ಮೆ ನಕ್ಕರು. ನಗು ಅರ್ಧಕ್ಕೇ ನಿಂತಿತು. “ಅವಳಿಗೆ ತಿಳಿಯೋ ಹಾಗೆ ಕನ್ನಡದಲ್ಲಿ ಹೇಳೋಕೆ ನಂಗೇ ಬರ್ಲಿಲ್ಲ ಕಣೇ.”

ಕಳೆದ ವಸಂತದಲ್ಲಿ ಡಾಕ್ಟರು ಅವರ ಹೃದಯ ಸೋತಿದೆ, ಹೆಚ್ಚು ದಿನ ನಂಬುವ ಹಾಗಿಲ್ಲ ಎಂದರು. ಅದೇ ವಾರ ದೊಡ್ಡಮ್ಮ ನಮ್ಮ ಮಕ್ಕಳ ಭಾನುವಾರದ ಕನ್ನಡ ತರಗತಿಯಲ್ಲಿ ಕೊಲ್ಲಿಯ ಬಗ್ಗೆ ಮಾತಾಡುತ್ತೇನೆಂದು ಹಟ ಹಿಡಿದರು.

“ಉಸಿರಿರೋವಾಗ ಒಂದ್ಸಲ ಕನ್ನಡದಲ್ಲಿ ಹೇಳ್ಬಿಡಬೇಕು. ನಿನ್ನ ಮುಂದೆ ಪ್ರಾಕ್ಟೀಸ್ ಮಾಡ್ತೀನಿ. ಕಾನ್ವೆಂಟ್ ಕನ್ನಡದೋಳಿಗೆ ಅರ್ಥವಾದ್ರೆ ಮಕ್ಕಳಿಗೂ ಆಗುತ್ತೆ.”

ಅಭ್ಯಾಸ ನಡೆದದ್ದು ನನ್ನ ಅಡಿಗೆಮನೆಯಲ್ಲಿ. ಹಿಮನದಿ ಬೆಟ್ಟವನ್ನು ಅರೆದ ಕಲ್ಲಿನ ಹಿಟ್ಟು ಕೊಲ್ಲಿಯ ನೀರಿಗೆ ಕೊಡುವ ಬಣ್ಣವನ್ನು ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದವರು, ನಾನು ಅಕ್ಕಿ ತೊಳೆಯುತ್ತಿದ್ದ ಪಾತ್ರೆಯೊಳಗೆ ಇಣುಕಿ, “ಅಕ್ಕಚ್ಚು! ಇದೇ ಕಣೇ, ಇದೇ ಬಣ್ಣ!” ಎಂದು ಕೂಗಿದರು. ತೇಲುವ ಹಿಮಗಡ್ಡೆಗಳು ತಾವು ಹೊತ್ತ ಕಲ್ಲುಗಳನ್ನು ಕರಗುತ್ತ ಕರಗುತ್ತ ನಯವಾದ ಕೆಸರಿಗೆ ಉದುರಿಸುತ್ತವಂತೆ. “ನೀವು ಬೇಳೇಲಿ ಕಲ್ಲು ಸಿಕ್ರೆ ಬಿಸಾಕ್ತೀರ. ನಾವು ಕುಣಿದಾಡ್ತಿದ್ವಿ, ಹಿಮಗಡ್ಡೆ ತೇಲಿಬಂದ ಗುರುತು ಸಿಕ್ತು ಅಂತ.” ಕೊಲ್ಲಿಯ ಬಾಯಲ್ಲಿ ನೀರಿನಡಿ ಮುಳುಗಿರುವ ಏರಿಗೆ ಹೊಸ್ತಿಲು ಎಂದು ಹೆಸರಿಟ್ಟದ್ದು ನಾನು. ಅದನ್ನು ಅವರು ಎರಡು ಸಲ ಬಾಯಲ್ಲಿ ಆಡಿಸಿ ಒಪ್ಪಿಕೊಂಡರು.

ತರಗತಿಯ ಗೋಡೆಗೆ ಚಿತ್ರಪಟ ಬರೆಯುವ ಕೆಲಸ ನನ್ನದಾಯಿತು. ನೀಲಿ ಬಣ್ಣದಲ್ಲಿ ಹಿಮ, ಬೂದು ಬಣ್ಣದಲ್ಲಿ ಕೆಸರು, ಮೇಲೆ ದಪ್ಪಕ್ಷರದಲ್ಲಿ ‘ಧ್ರುವದ ಕೊಳ್ಳಿ’. ಕಾನ್ವೆಂಟಿನಲ್ಲಿ ಓದಿದ ನನಗೆ ‘ಲ’ ಆಗಲಿ ‘ಳ’ ಆಗಲಿ ಎಲ್ಲ ಒಂದೇ ಎಲ್.

ಮಕ್ಕಳನ್ನು ಬಿಡಲು ಬಂದ ಹಾಸನದ ತಂದೆಯೊಬ್ಬರು ಅದನ್ನು ಓದಿ ನಕ್ಕುಬಿಟ್ಟರು. “ಏನ್ ಮೇಡಂ, ಯಾರ್ಗೆ ಕೊಳ್ಳಿ ಇಡೋಕ್ ಹೊರಟಿದೀರ?”

ನನ್ನ ಕಿವಿ ಬಿಸಿಯಾಯಿತು. ಪಟ ಕೀಳಲು ಎದ್ದೆ.

“ಮುಟ್ಬೇಡ, ಇರ್ಲಿ” ಎಂದರು ದೊಡ್ಡಮ್ಮ. ಕುರ್ಚಿಯಲ್ಲಿ ಕೂತೇ ಮಕ್ಕಳ ಕಡೆ ತಿರುಗಿದರು. “ಕೊಲ್ಲಿ ಅಂದ್ರೆ ಸಮುದ್ರ ನೆಲದೊಳಕ್ಕೆ ನುಗ್ಗಿರೋ ಜಾಗ. ಕೊಳ್ಳಿ ಅಂದ್ರೆ ಉರಿಯೋ ಸೌದೆ. ನಮ್ಮ ಕೊಲ್ಲೀಲಿ ಒಂದು ಕೊಳ್ಳೀನೂ ಇದೆ. ಆಳದಲ್ಲಿ ಹೊಸ್ತಿಲು ದಾಟಿ ಹೊರಗಿನ ನೀರು ಬರುತ್ತೆ. ನೀವು ಕೈಯಿಟ್ರೆ ಮರಗಟ್ಟೋಗುತ್ತೆ, ಅಷ್ಟು ತಣ್ಣಗೆ. ಆದ್ರೆ ಹಿಮಕ್ಕೆ ಅದೇ ಬಿಸಿ. ಹಿಮನದಿಯ ಬುಡಕ್ಕೆ ಅದೇ ಕೊಳ್ಳಿ.”

ಮಕ್ಕಳ ನಡುವೆ ಕೂತಿದ್ದ ನನ್ನ ಮಗಳು ಹುಬ್ಬು ಗಂಟಿಕ್ಕಿದಳು. “ವೇಟ್, ಅಜ್ಜೀ. ಸೋ ದ ಕೋಲ್ಡ್ ವಾಟರ್ ಈಸ್ ದ ಫೈರ್?”

“ಹೂಂ ಕಣೇ! ಅಷ್ಟೇ!” ದೊಡ್ಡಮ್ಮ ಚಪ್ಪಾಳೆ ತಟ್ಟಿದರು. ಆಮೇಲೆ ಅಕ್ಕಚ್ಚು, ಬೇಳೆ, ಕಲ್ಲು ಎಲ್ಲವೂ ಹಲ್ಲಿಗೆ ಸಿಕ್ಕದ ಪಾಯಸದ ಹಾಗೆ ಇಳಿದವು. ವಾಪಸು ಬರುವಾಗ ಕಾರಿನಲ್ಲಿ, “ಅಮ್ಮಂಗೆ ಹೇಳಿದ ಹಾಗಾಯ್ತು” ಎಂದರು.

ಎಲೆ ಉದುರುವ ಹೊತ್ತಿಗೆ ಆಸ್ಪತ್ರೆ ಸೇರಿದರು. ನಾನು ಬಲಗೈ ಹಿಡಿದುಕೊಂಡರೆ ಬಿಡಿಸಿಕೊಂಡು ಎಡಗೈ ಕೊಟ್ಟರು. “ಇದನ್ನ ಹಿಡ್ಕೋ, ಇದಕ್ಕೆ ಗೊತ್ತಾಗುತ್ತೆ.” ಆಮೇಲೆ, “ಕೊಳ್ಳಿ ಅಂತ ಬರೆದೋಳು ನೀನು. ಇಡೋಳೂ ನೀನೇ” ಎಂದರು.

“ಬಿಡ್ತು ಅನ್ನಿ, ದೊಡ್ಡಮ್ಮ!”

“ಬಿಡ್ತು ಅನ್ನಲ್ಲ. ಹೂಂ ಅನ್ನು.”

ಹೂಂ ಅಂದೆ.

ಇಲ್ಲಿಯ ಚಿತಾಗಾರದಲ್ಲಿ ಸೌದೆಯಿಲ್ಲ, ಹೊಗೆಯಿಲ್ಲ. ಗೋಡೆಯಲ್ಲೊಂದು ಸ್ವಿಚ್ಚು ಅಷ್ಟೆ. ಮಂತ್ರ ಮುಗಿಸಿದ ಪುರೋಹಿತರು ಸುತ್ತ ನೋಡಿ, “ಕೊಳ್ಳಿ ಇಡೋರು ಯಾರು?” ಎಂದು ಕೇಳಿದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಾನು” ಎಂದು ಮುಂದೆ ಹೋದೆ.

ಬೆರಳಿಟ್ಟು ಒತ್ತಿದೆ. ಸ್ವಿಚ್ಚು ತಣ್ಣಗೆ ಕೊರೆಯುತ್ತಿತ್ತು.