ಖಾಲಿ ಕುರ್ಚಿಯ ಬೆಲೆ

ಏರ್‌ಪೋರ್ಟ್ ಬಸ್ಸು ಹಿಡಿಯುವ ಮೊದಲು ನಾನೂ ಕಣ್ಣು ಕಾಣದ ನನ್ನ ತಂಗಿ ಪುಟ್ಟಮ್ಮನೂ ಚಂದಾಪುರದ ಟಿಕೆಟ್ ಅಂಗಡಿಗೆ ಹೋದೆವು. ಕಾಶಿಗೆ ಹೋಗುವ ಎರಡು ವಿಮಾನಗಳ ರೇಟು ನೋಡಿ, ಇಬ್ಬರಿಗೂ ಸೇರಿ ಮುನ್ನೂರು ರೂಪಾಯಿ ಕಮ್ಮಿ ಎಂದು ಹೋದ ವಾರ ಒಂದನ್ನು ಕೊಡಿಸಿದವನು ಈ ಅಂಗಡಿಯವನೇ. ಈಗ ನೋಡಿದರೆ ನನಗೆ ಮುಂದೆ ಕುರ್ಚಿ, ಅವಳಿಗೆ ಕೊನೆಯಲ್ಲಿ.

“ಜೊತೇಲಿ ಕೂರ್ಬೇಕಂದ್ರೆ ಇನ್ನೂ ಎಂಟ್ನೂರಾಗ್ತದೆ ಅಜ್ಜಿ” ಅಂದ.

ಕಂಪ್ಯೂಟರಿನಲ್ಲಿ ಕುರ್ಚಿಗಳ ಚಿತ್ರ ತೋರಿಸಿದ. ಅರ್ಧಕ್ಕರ್ಧ ಖಾಲಿ. ಆ ಖಾಲಿ ಕುರ್ಚಿಗೂ ಒಂದೊಂದು ಬೆಲೆ, ಕಿಟಕಿ ಪಕ್ಕದ್ದಕ್ಕೆ ಇನ್ನೂ ಜಾಸ್ತಿ.

“ನಾನು ಮೊದ್ಲು ಹತ್ತಿ ಟವೆಲ್ ಹಾಕಿ ಸೀಟ್ ಹಿಡೀತೀನಿ ಬಿಡು” ಅಂದೆ. ಆನೇಕಲ್ ಬಸ್ಸಿನಲ್ಲಿ ನಲವತ್ತು ವರ್ಷ ಹಾಗೇ ಹಿಡಿದಿದ್ದೇನೆ.

ಅವನು ನಕ್ಕ. “ವಿಮಾನದಲ್ಲಿ ಅಂಗೆಲ್ಲ ನಡಿಯಲ್ಲ ಅಜ್ಜಿ.”

“ಬಿಡಕ್ಕ, ನಾನೊಬ್ಳೇ ಕೂತ್ಕೊತೀನಿ” ಅಂದಳು ಪುಟ್ಟಮ್ಮ.

“ಬಾತ್ರೂಮಿಗೆ ನಿನ್ ಕೈ ಯಾರು ಹಿಡೀತಾರೆ? ಸುಮ್ನಿರು.”

ದುಡ್ಡು ಕೊಟ್ಟೆ. ಇನ್ನೊಂದು ವಿಮಾನದಲ್ಲಿ ಕುರ್ಚಿಗೆ ಬೇರೆ ದುಡ್ಡೇ ಇಲ್ಲವಂತೆ. ಅದನ್ನು ಅವನು ದುಡ್ಡು ಎಣಿಸಿಕೊಂಡ ಮೇಲೆ ಹೇಳಿದ. ಮೈಯೆಲ್ಲ ಉರಿಯಿತು.

ನಮ್ಮ ಹಿಂದೆ ಇಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಬೀದರಿನವನೊಬ್ಬ ಕಾಯಿಲೆ ತಾಯಿಯನ್ನು ಕರೆದುಕೊಂಡು ನಿಂತಿದ್ದ. ಊರಿಗೆ ವಿಮಾನದ ಟಿಕೆಟ್ ಕೇಳಿದ. ಅಂಗಡಿಯವನು ಅವನಿಗೂ “ಇದೇ ಕಮ್ಮಿ” ಎಂದು ಒಂದನ್ನು ತೋರಿಸಿದ.

“ಏನಪ್ಪಾ, ನಿನ್ನೂ ನಿಮ್ಮವ್ವನ್ನೂ ಒಂದೇ ಕಡೆ ಕೂರಿಸ್ತಾನಾ ಅಂತ ಮೊದ್ಲು ಕೇಳು” ಅಂದೆ.

ಅವನು ಹೊರಗೆ ತೆಗೆದ ದುಡ್ಡನ್ನು ಮತ್ತೆ ಜೇಬಿಗಿಟ್ಟು ಅಂಗಡಿಯವನ ಕಡೆ ತಿರುಗಿದ.

“ಹೌದೇನ್ರೀ? ಹಂಗಾರ ಹೇಳ್ರಿ ಮತ್ತ, ಕುರ್ಚಿಗೆಷ್ಟು?”